ಅಳತೆ ಪುಸ್ತಕ

ಅರಸೀಕೆರೆಯ ಹುಳಿಯಾರು ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ.
ಎದುರಿಗೆ ಮೊನ್ನೆಮೊನ್ನೆವರೆಗೂ ಉಗನಿ ಹಂಬು, ಲಾರಿ ಟೈರು,
ಕೊಬ್ಬರಿ ಮಂಡಿಯವರು ಸುರಿದ ಮಟ್ಟೆಯ ಗುಡ್ಡೆ.
ಒಂದು ಬೆಳಿಗ್ಗೆ ಅಲ್ಲಿ ಸುಣ್ಣದಪುಡಿಯ ಗೆರೆ ಬಿತ್ತು,
ನಾನು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವ ಹಾಗೆ.
ಮಕ್ಕಳ ಮನೆಯಂತೆ. ಯಾರೂ ಇಲ್ಲದ ಮಕ್ಕಳಿಗಂತೆ.
'ಯಾರೂ ಇಲ್ಲ ಅಂದ್ಮೇಲೆ ಅದು ಮನೆ ಹೆಂಗಾಯ್ತದೆ?'
ಎಂದಳು ಕಾಜಾ ಹಾಕುವ ಪುಟ್ಟತಾಯಿ, ದಾರ ಕಚ್ಚುತ್ತ.

ಪಾಯ ತೋಡಿದ್ದು ಮಾಘದಲ್ಲಿ.
ಯುಗಾದಿ ಕಳೆದು, ದುಡ್ಡು ಮುಗಿಯಿತು ಅಂದರು.
ಏಳು ತಿಂಗಳು ಒಂದು ಇಟ್ಟಿಗೆ ಏಳಲಿಲ್ಲ.
ಕಂಬಿ ಮಳೆ ಕುಡಿದು ತುಕ್ಕು ಕಾರಿತು,
ಕಂಬದ ಬುಡಕ್ಕೆಲ್ಲ ಕಂದು ಕಲೆ.
ಎಷ್ಟು ತಿಕ್ಕಿದರೂ ಹೋಗದ ಜಾತಿಯದು, ನನಗೆ ಗೊತ್ತು.
ದೃಷ್ಟಿಬೊಂಬೆಯ ಅಂಗಿ ಹರಿದು ಜೋಲುತ್ತಿತ್ತು. ಕತ್ತಲಾದ ಮೇಲೆ ಹೋಗಿ
ನಾಲ್ಕು ಹೊಲಿಗೆ ಹಾಕಿ ಬಂದೆ. ಯಾರಿಗೂ ಹೇಳಲಿಲ್ಲ.

ದೀಪಾವಳಿಯ ಮಾರನೆಗೆ ಬಂದ ಯಾದಗಿರಿ ಕಡೆಯ
ಗಾರೆಯ ಬಸಲಿಂಗಪ್ಪ. ಹೆಂಡತಿ, ಒಂದು ತಗಡಿನ ಪೆಟ್ಟಿಗೆ,
ಮಗಳು ಮಾನಮ್ಮ.
'ಅಕ್ಕಾರ, ಒಂದ್ ಕೊಡ ನೀರ ಕೊಡ್ತೀರೇನ್ರಿ?'
ಆಮೇಲೆ ಗೋಡೆ ಎದ್ದಿತು, ದಿನಕ್ಕೆ ಮೂರು ವರಸೆ.
ಸಂಜೆಯ ರೈಲಿಗೆ ಹಸಿಗೋಡೆ ಸಣ್ಣಗೆ ಅದುರುವುದು;
ಅಂಗೈ ಊರಿ ನಿಲ್ಲುತ್ತಿದ್ದ, ಜ್ವರ ನೋಡುವವನಂತೆ.

ನಕ್ಷೆಯಲ್ಲಿ ಕೈತೊಳೆಯುವ ಬೇಸಿನ್ನು ಮೂರಡಿ ಮೇಲಕ್ಕೆ.
ನಕ್ಷೆ ಮಡಚಿಟ್ಟು 'ಮಾನೀ, ಬಾ ಇಲ್ಲಿ' ಅಂದ.
ಮರಳಲ್ಲಿ ಆಡುತ್ತಿದ್ದವಳು ಬಂದು ಗೋಡೆಗೆ ಬೆನ್ನು ಕೊಟ್ಟಳು.
ಕಿವಿಯ ಸಂದಿನ ಪೆನ್ಸಿಲು ತೆಗೆದು ಎದೆಮಟ್ಟಕ್ಕೆ ಗೀರಿದ.
ಇಂಜಿನಿಯರು ಬೈದರು. ಗೀರು ಹಾಗೇ ಇತ್ತು.
ಅಗುಳಿ ಅವಳ ಕೈ ಎಟುಕಿದಷ್ಟು,
ಮೆಟ್ಟಿಲು ಅವಳ ಮೊಣಕಾಲಿಗಿಂತ ತಗ್ಗು,
ಕಿಟಕಿ ಅವಳು ಗದ್ದ ಊರಿ ರೈಲು ನೋಡುವಷ್ಟು ಎತ್ತರ.
ಡಬ್ಬಿ ಎಣಿಸುತ್ತಿದ್ದಳು; ಹದಿನಾರಾದ ಮೇಲೆ
ಮತ್ತೆ ಒಂದರಿಂದ.

ಒಂದು ಮಧ್ಯಾಹ್ನ ನನ್ನ ಟೇಪಿಗೂ ಬಂದು ನಿಂತಳು.
ಉದ್ದ ಇಪ್ಪತ್ತೆರಡು, ಎದೆ ಇಪ್ಪತ್ತಮೂರು, ತೋಳು ಐದು.
ಉಳಿದ ಚೀಟಿಬಟ್ಟೆಯಲ್ಲಿ ಒಂದು ಫ್ರಾಕು ಆದೀತು.
'ಕಿಸೆ ಇಡ್ರಿ.' ಎಷ್ಟು? 'ಎಲ್ಡು.'
ಮದುವೆಯ ತಿಂಗಳು, ರವಿಕೆಗಳ ರಾಶಿ. ನಾಳೆ, ಎಂದೆ.

ಬಣ್ಣ ಬಳಿದರು, ತಿಳಿಹಳದಿ. ಗೀರು ಮುಚ್ಚಿತು.
ಒಂದು ಬೆಳಿಗ್ಗೆ ಅವರ ಶೆಡ್ಡಿನ ಜಾಗದಲ್ಲಿ ಮೂರು ಕಲ್ಲು, ಬೂದಿ.
ತಿಪಟೂರಿನಲ್ಲಿ ಲಾಡ್ಜಿನ ಕೆಲಸವಂತೆ. ಅಲ್ಲ, ಬೀರೂರಂತೆ.

ಆಷಾಢದಲ್ಲಿ ವ್ಯಾನು ಬಂತು. ಇಪ್ಪತ್ತೇಳು ಮಕ್ಕಳು.
ಯೂನಿಫಾರಂ ಅಳತೆಗೆ ನನ್ನನ್ನೇ ಕರೆದರು.
ಒಬ್ಬೊಬ್ಬರೂ ಉಸಿರು ಬಿಗಿಹಿಡಿದು ನಿಂತರು,
ಅಳತೆ ತಪ್ಪಿದರೆ ವಾಪಸು ಕಳಿಸುತ್ತಾರೇನೋ ಎಂದು.
'ಬಿಡು ಮಗ, ಉಸಿರು ಬಿಡು.'
ಒಬ್ಬ ಸಣ್ಣವ, ಹೆಸರು ಕೇಳಿದರೆ ಹೇಳದವ,
ತಾನಾಗಿ ಹೋಗಿ ನಲ್ಲಿ ತಿರುಗಿಸಿದ.
ತುದಿಗಾಲಲ್ಲಿ ನಿಲ್ಲಲಿಲ್ಲ. ಯಾರನ್ನೂ ಕರೆಯಲಿಲ್ಲ.

ಪುಸ್ತಕದಲ್ಲಿ ಅವರಿಗಿಂತ ಹಿಂದಿನ ಪುಟ:
ಮಾನಮ್ಮ. ಕಿಸೆ ಎರಡು.
ಹೊಲಿದು ಕೊಟ್ಟದ್ದಕ್ಕೆ ಅಡ್ಡಗೆರೆ ಎಳೆಯುವುದು ವಾಡಿಕೆ.
ಅದಕ್ಕೆ ಎಳೆದಿಲ್ಲ.
ನಿನ್ನೆ ಬಟ್ಟೆ ಹಾಸಿಕೊಂಡೆ. ಎರಡಿಂಚು ಬೆಳೆದಿರುತ್ತಾಳೆ,
ಅಂಚಿನಲ್ಲಿ ಮಡಿಕೆ ಬಿಡಬೇಕು.
ಮೂರೇ ಬಿಡುತ್ತೇನೆ.