ಕ್ರಮ ಎಲ್ಲಿ?

ಉತ್ತರ ಸರಿ. ಕ್ರಮ ಎಲ್ಲಿ?
ಶಹೀನಾ ಮಿಸ್ಸಿನ ಕೆಂಪು ಶಾಯಿ,
ಅಡಿಗೆ ಎರಡು ಗೆರೆ.
ಗಂಗೋತ್ರಿ ನೋಟ್‌ಬುಕ್ಕು ತಂದು ಮುಖಕ್ಕೆ ಹಿಡಿದಳು
ತಪ್ಪು ನನ್ನದೇ ಎಂಬಂತೆ.
ನನ್ನದೇ.

ಶಾಲೆಗೆ ಮೂವತ್ತೇಳು ಕುರ್ಚಿ, ಒಂದಕ್ಕೆ ನಾನೂರ ಎಂಬತ್ತು.
ನಿನ್ನೆ ಮುದ್ದೆ ಮುರಿಯುವಷ್ಟರಲ್ಲಿ ಹೇಳಿಬಿಟ್ಟಿದ್ದೆ:
ಹದಿನೇಳು ಸಾವಿರದ ಏಳುನೂರ ಅರವತ್ತು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹದಿನಾರು ವರ್ಷ ತೂಕ ಕೂಗಿದವನು ನಾನು;
ಲಾಟು ತಕ್ಕಡಿಯಿಂದ ಇಳಿಯುವ ಮೊದಲೇ
ದುಡ್ಡು ನಾಲಗೆಯ ಮೇಲಿರಬೇಕು.
ಕ್ರಮ ಕೇಳಿದವರು ಯಾರೂ ಇಲ್ಲ.

"ಹೆಂಗ್ ಮಾಡ್ದೆ ಅಪ್ಪಾ, ನಿಧಾನಕ್ಕೆ ಹೇಳು."
ಕಣ್ಣು ಮುಚ್ಚಿ ನನ್ನ ತಲೆಯೊಳಗೆ ನಾನೇ ಇಣುಕಿದೆ.
ಅಲ್ಲಿ ಎಲ್ಲ ತೆಲುಗು.
ನಲಭೈಕಿ ಕಟ್ಟು, ಮೂಡು ತೀಸೆಯ್ –
ಹುಣಸೆಹಣ್ಣು ತೂಗುತ್ತ ನಮ್ಮಮ್ಮನ ದನಿ.
ಸ್ಕೂಲಿನ ಗೇಟು ದಾಟಿದವಳಲ್ಲ ಅವಳು.

ಒಲೆಯ ಕಡೆಯಿಂದ ಹೆಂಡತಿ:
"ದಶಕ ಮೇಲಿಡ್ಬೇಕು ಕಣ್ರೀ,
ಹಂಗೆಲ್ಲ ಹಾರಿದ್ರೆ ಮಾರ್ಕು ಕೊಡಲ್ಲ."
ತಿಪಟೂರು ಕಡೆಯವಳು, ಏಳು ಓದಿದವಳು.
ಐದಕ್ಕೆ ಬಿಟ್ಟವನು ನಾನು
ಸುಮ್ಮನೆ ಪೆನ್ಸಿಲು ಕೆತ್ತಿಕೊಟ್ಟೆ.

ಕರೆಂಟು ಹೋಯಿತು.
ಮೊಬೈಲಿನ ಬೆಳಕಲ್ಲಿ ಮಗಳು
ನನ್ನ ಕೈ ಎಳೆದುಕೊಂಡು ಒಂದೊಂದೇ ಬೆರಳು ಮಡಿಸಿದಳು.
ನಾನು ತೆಲುಗಲ್ಲಿ ಅಂದದ್ದನ್ನು
ಕನ್ನಡದಲ್ಲಿ ಗೊಣಗಿಕೊಂಡಳು,
ಆಮೇಲೆ ಬರೆದಳು, ಗುಂಡಗೆ:

ಕ್ರಮ – ನಲವತ್ತು ಕುರ್ಚಿ ತಂದೆವು.
ಮೂರು ವಾಪಸ್ ಕೊಟ್ಟೆವು.

ಕೆಳಗೆ, ಪೋಷಕರ ಸಹಿ.
ಅದಕ್ಕೆ ಮಾತ್ರ
ನನಗೆ ಹೊತ್ತು ಹಿಡಿಯಿತು.