ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ

ಹಾಸನದ ದೊಡ್ಡಾಸ್ಪತ್ರೆ, ಹಿಂದಿನ ಕಟ್ಟಡ,
ಲಿಫ್ಟು ಕೆಟ್ಟ ಕಡೆಯ ಕೊನೇ ಕೋಣೆ.
ಮಂಗಳವಾರ, ಶುಕ್ರವಾರ, ಹನ್ನೊಂದಕ್ಕೆ
ನಮ್ಮಿಬ್ಬರದೂ ಒಂದೇ ಬೆಂಚು.

ಅವಳು ಸಿಂಚನ, ಹತ್ತೊಂಬತ್ತು,
ಕಬಡ್ಡಿಯಲ್ಲಿ ರೈಡಿಗೆ ಹೋಗಿ ಮಂಡಿ ತಿರುಚಿಕೊಂಡವಳು.
ನಾನು ಸಾಕಮ್ಮ. ಅರವತ್ತೇಳೋ ಎಂಟೋ,
ಆಧಾರ್ ಕಾರ್ಡಿನಲ್ಲಿ ಜನವರಿ ಒಂದು.
ಎಪಿಎಂಸಿ ಯಾರ್ಡಿನಲ್ಲಿ ಕೊಳೆತ ಆಲೂಗೆಡ್ಡೆ ತುಳಿದು
ಜಾರಿದೆ.
ಅವಳದೂ ಬಲಗಾಲು, ನನ್ನದೂ ಬಲಗಾಲು.

ರುಕ್ಸಾರ್ ಮೇಡಂ ದರ್ಜಿಯ ಟೇಪು ತೆಗೆದು
ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ
ಸುತ್ತಿ, ಬರೆದುಕೊಂಡರು.
ರವಿಕೆಗಲ್ಲದೆ ನನ್ನ ಮೈಗೆ
ಯಾರೂ ಅಳತೆ ಹಿಡಿದಿರಲಿಲ್ಲ.
ಎಡಕ್ಕಿಂತ ಬಲ ಒಂದೂವರೆ ಇಂಚು ಕಮ್ಮಿ.
ಹುಡುಗಿಯದೂ ಹೆಚ್ಚುಕಮ್ಮಿ ಅಷ್ಟೇ.
"ಕೆಲಸ ಕೊಡದಿದ್ದರೆ ಸ್ನಾಯು ಕರಗುತ್ತೆ,
ಅದಕ್ಕೆ ವಯಸ್ಸು ಗೊತ್ತಾಗಲ್ಲ" ಅಂದರು ಮೇಡಂ.

ಗೊತ್ತಾಗುತ್ತೆ. ಆಮೇಲೆ.

ಕಣಕಾಲಿಗೆ ಅರ್ಧ ಕೇಜಿಯ ಮರಳು ಚೀಲ ಕಟ್ಟಿ
ಇಬ್ಬರಿಗೂ ಒಂದೇ ದಿನ ಶುರು.
ಮೂರನೇ ವಾರ ಅವಳದು ಎರಡು ಕೇಜಿ.
ನನ್ನದು ಅದೇ ಅರ್ಧ, ಅದೇ ಗಡಗಡ,
ಸೀರೆಯ ನೆರಿಗೆಯೊಳಗೆ ಯಾರೋ ಕೂತು
ಹಿಟ್ಟು ಜರಡಿ ಹಿಡಿದ ಹಾಗೆ.
ಮೂವತ್ತೊಂದು ವರ್ಷ ಕುಕ್ಕರಗಾಲಲ್ಲಿ ಕೂತು
ದಪ್ಪ, ನಡುವಣ, ಗೋಲಿ, ಕೊಳೆ ಅಂತ
ಲಾರಿಗಟ್ಟಲೆ ಆರಿಸಿದ ಕಾಲು ಇದೇನಾ?
ಆಗ ಇದಕ್ಕೆ ಯಾರೂ ವ್ಯಾಯಾಮ ಅನ್ನಲಿಲ್ಲ.
ಕೂಲಿ ಅಂದರು. ಅದೂ ಗಂಡಾಳಿನ ಅರ್ಧ.

ಸಿಂಚನಳಿಗೆ ನೋವು ಮಾರನೇ ದಿನ ಬಂದು
ಸಂಜೆಗೆ ಹೊರಡುತ್ತೆ.
ನನಗೆ ಮೂರನೇ ದಿನ, ಗಂಟುಮೂಟೆ ಸಮೇತ,
ಉಳಿಯೋಕೇ ಬಂದ ನೆಂಟರ ಹಾಗೆ.
"ಎತ್ತುವಾಗ ಬೆಳೆಯೋದಲ್ಲ ಅಮ್ಮ,
ಸುಮ್ಮನಿರುವಾಗ ಬೆಳೆಯೋದು.
ನಿಮಗೆ ಒಂದು ದಿನ ಜಾಸ್ತಿ ಬೇಕು."
ಇದನ್ನ ನನಗೆ ಹೇಳಬೇಕೇ?
ಆಗತಾನೇ ಅಗೆದ ಗೆಡ್ಡೆ ಊರಿದರೆ ಮೊಳೆಯಲ್ಲ.
ಕೋಲ್ಡ್ ಸ್ಟೋರೇಜಿನ ಕತ್ತಲಲ್ಲಿ ಮಲಗಿದ್ದು,
ಹೊರಗೆ ಬಂದು, ಸಿಪ್ಪೆ ಸುಕ್ಕಾಗಿ,
ಇನ್ನು ತಿಪ್ಪೆಗೇ ಸೈ ಅನ್ನುವಾಗ
ಕಣ್ಣು ಬಿಡುತ್ತೆ.

ಅಷ್ಟಕ್ಕೂ ನಾನೇನು ಗೆಡ್ಡೆಯಲ್ಲ.
ಚೀಟಿಯಲ್ಲಿ ಬರೆದಿತ್ತು: ದಿನಾ ಮೊಟ್ಟೆ, ಕಾಳು, ಹಾಲು.
"ವಯಸ್ಸಾದವರಿಗೇ ಹೆಚ್ಚು ಬೇಕು" ಅಂದಾಗ ನಗು ಬಂತು.
ನನ್ನ ಪಾಲಿನ ಮೊಟ್ಟೆಯ ರುಚಿ
ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿಲ್ಲ.
ಮುಂದಿನ ಶುಕ್ರವಾರ ಹುಡುಗಿ
ಹಾಸ್ಟೆಲಿನಿಂದ ಎರಡು ಬೇಯಿಸಿದ್ದು ತಂದು
ಒಂದನ್ನು ಬೆಂಚಿನಂಚಿಗೆ ಕುಟ್ಟಿ, ಸುಲಿದು,
ಏನೂ ಹೇಳದೆ ಕೊಟ್ಟಳು. ಉಪ್ಪಿರಲಿಲ್ಲ.

ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಏಳುವುದು,
ಕೂರುವುದು, ಅರ್ಧ ನಿಮಿಷ.
ಮೊದಲ ಸಲ ನನ್ನದು ನಾಲ್ಕು.
ಹನ್ನೆರಡನೇ ವಾರ ಎಂಟಾಯಿತು. ಮೊಬೈಲು ಕೂಗಿತು.
"ಸಾಕು, ಸಾಕಮ್ಮ."
ನಾಲ್ಕನೆಯದೂ ಹೆಣ್ಣಾದಾಗ
ಇನ್ನು ಸಾಕಪ್ಪಾ ಅಂತ ಇಟ್ಟ ಹೆಸರು,
ಎಲ್ಲರ ಬಾಯಲ್ಲೂ ಅದು ಹಾಗೇ ಕೇಳಿದೆ ನನಗೆ.
ಇನ್ನೊಂದು, ಅಂದೆ.
ಎದ್ದೆ. ಲೆಕ್ಕಕ್ಕೆ ಬರಲಿಲ್ಲ ಅದು.

ಸಿಂಚನಳ ಎರಡೂ ತೊಡೆ ಈಗ ಸಮ.
ಕೊನೆಯ ದಿನ ಬಾಗಿಲಲ್ಲಿ ನಿಂತು, ತೊಡೆ ತಟ್ಟಿ
ತೋರಿಸಿ ಹೋದಳು.
ನನ್ನದು ಇನ್ನೂ ಮುಕ್ಕಾಲಿಂಚು ಬಾಕಿ.
"ತುಂಬುತ್ತಾ ಮೇಡಂ?"
"ಪೂರ್ತಿ ತುಂಬದೇ ಇರಬಹುದು. ಬಿಟ್ಟರೆ ಇದೂ ಹೋಗುತ್ತೆ."
ಸುಳ್ಳು ಹೇಳಲಿಲ್ಲವಲ್ಲ, ಆ ಮಟ್ಟಿಗೆ ಖುಷಿ.

ಮೊನ್ನೆ ಯಾರ್ಡಿಗೆ ಹೋಗಿದ್ದೆ.
ಜಲಂಧರದ ಬೀಜದ ಲಾರಿ ಬಂದಿತ್ತು.
ಗೋಣಿತಾಟಿನ ಮೇಲೆ ಕೂತು, ಎಲೆಅಡಿಕೆ ಹಾಕಿ,
ಹೊರಡುವಾಗ
ಕೈ ನೆಲಕ್ಕೆ ಊರದೆ, ಕಂಬ ಹಿಡಿಯದೆ,
ಅಯ್ಯಪ್ಪಾ ಅನ್ನದೆ
ಎದ್ದು ನಿಂತೆ.
ಯಾರೂ ನೋಡಲಿಲ್ಲ.
ಎಲ್ಲರ ತಲೆಯೂ ರಾಶಿಯ ಮೇಲೆ ಬಗ್ಗಿತ್ತು.