ಹತ್ತನೆಯ ಎಳೆ

ನಾಳೆ ಅರಳಬೇಕಾದ ಮೊಗ್ಗನ್ನು
ಇವತ್ತೇ ಬಿಚ್ಚಬೇಕು.
ತಡವಾದರೆ ತೊಗರಿ ತನ್ನೊಳಗೇ
ಮದುವೆ ಮುಗಿಸಿಕೊಂಡಿರುತ್ತದೆ,
ಬಾಗಿಲು ತೆರೆಯುವ ಮೊದಲೇ.

ಕಲಬುರಗಿಯ ಹೊರಗೆ, ಆಳಂದ ರಸ್ತೆಯ ಬದಿಗೆ,
ಇಬ್ಬನಿ ಆರದ ಹೊತ್ತು.
ಕೊಂಬೆಯೊಂದನ್ನು ಬಗಲಿಗೆ ಒತ್ತಿಕೊಂಡು ನಿಂತಿದ್ದಾಳೆ ಗುರುಬಾಯಿ,
ಸೊರೆಬಿಡದ ಎಮ್ಮೆಯನ್ನು ರಮಿಸುವ ಹಾಗೆ.
ಚಿಮಟದ ತುದಿಗೆ ಸ್ಪಿರಿಟ್ಟಿನ ವಾಸನೆ.
ಮೊಗ್ಗಿನ ಬೆನ್ನು ಸೀಳಿ ಎಣಿಸುತ್ತಾಳೆ:
ಒಂಬತ್ತು ಕೇಸರ ಒಂದೇ ಸೆರಗಿನೊಳಗೆ,
ಹತ್ತನೆಯದು ಬೇರೆ.
‘ಪ್ರತಿ ಮನ್ಯಾಗೂ ಒಂದು ಹಿಂಗ ಇರ್ತದ್ರಿ ಮೇಡಂ.’
ಹತ್ತನ್ನೂ ಕಿತ್ತು ಬೇರೆ ಹೂವಿನ ಹಳದಿ ಧೂಳು ಸವರಿ
ತೊಟ್ಟಿಗೆ ದಾರ ಕಟ್ಟುತ್ತಾಳೆ.
ನೂರು ಕಟ್ಟಿದರೆ ಹದಿನೈದು ನಿಂತಾವು.
ಉಳಿದವು ಸಂಜೆಗೆ ಉದುರುತ್ತವೆ, ದಾರದ ಸಮೇತ.

ಮೊದಲ ತಲೆಮಾರಿನ ಮಕ್ಕಳಿಗೆಲ್ಲ ಒಂದೇ ಮುಖ.
ಎರಡನೆಯದರಲ್ಲಿ ನೋಡಬೇಕು,
ಸತ್ತರೆಂದುಕೊಂಡ ಅಜ್ಜಂದಿರು ಎದ್ದು ಬರುತ್ತಾರೆ,
ಕುಳ್ಳರು, ಉದ್ದನೆಯವರು, ತಡವಾಗಿ ಹೂಬಿಡುವ ಸೋಮಾರಿಗಳು.
ಅಲ್ಲಿ ನನ್ನ ಕೆಲಸ ಶುರು.
ತಳಿ ಮಾಡುವುದೆಂದರೆ
ಸಾವಿರ ಗಿಡದ ಮುಂದೆ ನಿಂತು
ಒಂಬೈನೂರ ತೊಂಬತ್ತಕ್ಕೆ ಬೇಡ ಅನ್ನುವುದು.
ಅಭ್ಯಾಸವಾಗುತ್ತದೆ.

ಆರನೆಯ ತಾಕಿನಲ್ಲಿ ನಾವು ಬೆಳೆಯುವುದು ರೋಗ.
ನೆಟೆ ಬಿದ್ದ ಗಿಡದ ಬೇರು ಕತ್ತರಿಸಿ
ಅದೇ ಕರಿಮಣ್ಣಿಗೆ ಉಣಿಸುತ್ತೇವೆ, ವರ್ಷಾ ವರ್ಷಾ.
ಎರಡು ಸಾಲಿಗೊಮ್ಮೆ ಸೋತೇ ಸೋಲುವ ತಳಿಯೊಂದು,
ರೋಗ ಕ್ಷೇಮವಾಗಿದೆಯೇ ಎಂದು ತಿಳಿಯಲು.
ಹೂ ಹೊತ್ತುಕೊಂಡೇ ಬಾಡುತ್ತವೆ.
ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ,
ಯಾರೋ ಹೆಸರು ಹೊಡೆದುಹಾಕಿದಂತೆ.

ಅಲ್ಲಿ, ಮೂವತ್ತೆಂಟನೆಯ ಸಾಲಿನ ತುದಿಯಲ್ಲಿ,
ಒಂದು ಗಿಡ ನಿಂತಿತ್ತು.
ಅಕ್ಕಪಕ್ಕ ಕಟ್ಟಿಗೆ; ಇದು ಹಸಿರು, ಕಾಯಿ ಜಗ್ಗಿ.
ಚೀಟಿ ಮಳೆಗೆ ತೊಳೆದುಹೋಗಿತ್ತು.
ರಿಜಿಸ್ಟರು ತಿರುವಿದೆ: ಮೂವತ್ತೇಳು. ಆಮೇಲೆ ಮೂವತ್ತೊಂಬತ್ತು.

ಗುರುಬಾಯಿ ಚಪ್ಪಲಿ ನೋಡುತ್ತ ನಿಂತಳು.
‘ಬೈಬ್ಯಾಡ್ರಿ. ನಾಕು ವರ್ಷದ ಹಿಂದಿನ ಮಾತು.
ನಮ್ಮವ್ವನ ಹಿತ್ತಲದಾಗ ಒಂದು ತೊಗರಿ ಗಿಡ ಇತ್ತು.
ಅದರ ಬ್ಯಾಳಿ, ಒಂದು ಕುದಿಗೆ ಬೆಣ್ಣಿ.
ಒಂದು ಹೂವ ಒದ್ದಿ ಅರಿವ್ಯಾಗ ಸುತ್ತಿ
ಏಳರ ಬಸ್ಸಿಗೆ ತಂದೆ.
ಕೆಂಪು ದಾರ, ನೀಲಿ ದಾರ ನಿಮ್ಮವು.
ನಂದು ಸೀರಿ ಅಂಚಿಂದು.
ನಾಕು ಕಾಳು ಬಂದ್ವು. ಸಾಲಿನ ತುದ್ಯಾಗ ಹಾಕ್ಕೋತ ಬಂದೀನಿ.’

ಈಗ ಆ ಗಿಡ?
‘ಎಲ್ಲಿ ಗಿಡರಿ. ಹಿತ್ತಲ ರಸ್ತಾಕ್ಕ ಹೋಯ್ತು.’

ನಂಬಬೇಕೋ ಬೇಡವೋ.
ದುಂಬಿಯೂ ಈ ಕೆಲಸ ಮಾಡಬಲ್ಲದು,
ಅದೂ ರಿಜಿಸ್ಟರಿಗೆ ಸಹಿ ಹಾಕುವುದಿಲ್ಲ.
ಮತ್ತೆ, ಒಂದು ಗಿಡ ಉಳಿದರೆ ಅದು ತಳಿಯಲ್ಲ, ಸುದ್ದಿ ಅಷ್ಟೆ.
ಇನ್ನೂ ಐದಾರು ವರ್ಷ ಬಿತ್ತಬೇಕು, ಮತ್ತೆ ಇದೇ ಕೆಟ್ಟ ಮಣ್ಣಿಗೆ,
ಮಕ್ಕಳು ಮೊಮ್ಮಕ್ಕಳು ಒಂದೇ ಮಾತಾಡುವವರೆಗೆ.
ಗೊಡ್ಡು ರೋಗ ಬಂದರೆ? ಕಾಳು ಸಣ್ಣದಾದರೆ?
ಬೇಳೆ ಬೇಯದೇ ಹೋದರೆ?

ಆದರೂ ಆ ಸಂಜೆ ಗಿಡಕ್ಕೆ ಬಲೆ ಹೊದಿಸಿದೆವು,
ಉಳಿದ ಹೂವಿಗೆ ಹೊರಗಿನವರು ಬಾರದಂತೆ.
ತಾಯಿ ಎಂಬ ಅಂಕಣದಲ್ಲಿ ನಮ್ಮ ಸಂಖ್ಯೆ ಬರೆದೆ.
ತಂದೆ ಎಂಬಲ್ಲಿ ಪೆನ್ನು ನಿಂತಿತು.
ಆಮೇಲೆ ಬರೆದೆ: ಚಂದವ್ವನ ಹಿತ್ತಲು.
ಪಕ್ಕಕ್ಕೊಂದು ಪ್ರಶ್ನೆಯ ಗುರುತು, ಪೆನ್ಸಿಲಿನಲ್ಲಿ.

ಜನವರಿಯಲ್ಲಿ ಕಾಯಿ ಬಿಡಿಸಿ
ಗುರುಬಾಯಿ ಎಣಿಸಿದಳು: ಇನ್ನೂರ ಹದಿನಾಲ್ಕು.
ಚೀಲಕ್ಕೆ ಹಾಕುವ ಮೊದಲು ನಾನೆಣಿಸಿದೆ:
ಇನ್ನೂರ ಹದಿಮೂರು.

ಅವಳು ಸೆರಗು ಬಿಗಿದು
ಏಳರ ಬಸ್ಸಿಗೆ ಬಂದವಳು ಐದರ ಬಸ್ಸಿಗೆ ಹೊರಟಳು.
ರಿಜಿಸ್ಟರಿನಲ್ಲಿ
ಇನ್ನೂರ ಹದಿಮೂರು ಎಂದೇ ಬರೆದುಕೊಂಡೆ.